ಪಾಪ ಮತ್ತು ಅಪರಾಧ: ಸಲಿಂಗಕಾಮವನ್ನು ಕುರಿತ ಕ್ರೈಸ್ತ ನಂಬಿಕೆಗಳೂ ಇಂಗ್ಲೆಂಡಿನ ಶಾಸನವೂ (೧೫೩೩–೧೯೬೭)

೧

ಧರ್ಮಶ್ರದ್ಧೆಗೂ ರಾಜಶಾಸನಕ್ಕೂ ಇರುವ ಸಂಬಂಧವನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಒಂದು ಸರಳಸೂತ್ರವನ್ನು ಒಪ್ಪಿಕೊಂಡು ಹೊರಡುತ್ತಾರೆ. ಜನರು ಯಾವುದನ್ನು ಪಾಪವೆಂದು ನಂಬುತ್ತಾರೆಯೋ ಅದನ್ನು ಅವರ ಶಾಸನವು ಅಪರಾಧವೆಂದು ಸಾರುತ್ತದೆ. ನಂಬಿಕೆ ಸಡಿಲಿದಾಗ ಶಾಸನವೂ ಸಡಿಲುತ್ತದೆ. ಸಲಿಂಗಕಾಮವನ್ನು ಕುರಿತ ಇಂಗ್ಲೆಂಡಿನ ಶಾಸನದ ಚರಿತ್ರೆಯು ಈ ಸೂತ್ರಕ್ಕೆ ತಕ್ಕ ನಿದರ್ಶನವೆಂದು ಅನೇಕರು ಭಾವಿಸಿದ್ದಾರೆ. ಕ್ರೈಸ್ತಧರ್ಮವು ಅದನ್ನು ಖಂಡಿಸಿದುದರಿಂದ ೧೫೩೩ರಲ್ಲಿ ಮರಣದಂಡನೆ ವಿಧಿಸಲ್ಪಟ್ಟಿತು. ಇಪ್ಪತ್ತನೆಯ ಶತಮಾನದಲ್ಲಿ ಧರ್ಮಶ್ರದ್ಧೆ ಕುಗ್ಗಿದುದರಿಂದ ೧೯೬೭ರಲ್ಲಿ ದಂಡನೆ ರದ್ದಾಯಿತು ಎಂಬುದು ಅವರು ಕೊಡುವ ವಿವರಣೆ.

ಈ ವಿವರಣೆಯು ಆ ಕಾಲದ ಘಟನೆಗಳಿಗೆ ಹೊಂದುವುದಿಲ್ಲ. ೧೯೫೪ ಮತ್ತು ೧೯೬೭ರ ನಡುವೆ ಇಂಗ್ಲೆಂಡಿನಲ್ಲಿ ಈ ಶಾಸನದ ತಿದ್ದುಪಡಿಗಾಗಿ ವಾದಿಸಿದವರಲ್ಲಿ ಆಂಗ್ಲಿಕನ್ ಚರ್ಚಿನ ಪಾದ್ರಿಗಳೂ ಇಬ್ಬರು ಆರ್ಚ್‌ಬಿಷಪ್ಪರೂ ಮುಂದಿನ ಸಾಲಿನಲ್ಲಿದ್ದರು. ಅವರಲ್ಲಿ ಬಹುಮಂದಿ ಸಲಿಂಗಸಂಭೋಗವು ಪಾಪವೆಂಬ ನಂಬಿಕೆಯನ್ನು ಬಿಟ್ಟುಕೊಟ್ಟಿರಲಿಲ್ಲ. ಪಾಪವೆಂದು ಹೇಳುತ್ತಲೇ ಅದು ಅಪರಾಧವಲ್ಲವೆಂದು ಅವರು ವಾದಿಸಿದರು. ಆದುದರಿಂದ ನಾವು ಇಲ್ಲಿ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಇಟ್ಟುಕೊಂಡು ನೋಡಬೇಕಾಗಿದೆ. ಈ ಆಚರಣೆ ಪಾಪವೇ ಎಂಬುದು ಒಂದು ಪ್ರಶ್ನೆ; ಪಾಪವನ್ನು ಪಾಪವೆಂಬ ಕಾರಣದಿಂದಲೇ ದಂಡಿಸುವ ಹೊಣೆ ರಾಜ್ಯಕ್ಕೆ ಇದೆಯೇ ಎಂಬುದು ಇನ್ನೊಂದು. ಮೊದಲನೆಯ ಪ್ರಶ್ನೆಗೆ ಚರ್ಚು ಕೊಟ್ಟ ಉತ್ತರ ನಾಲ್ಕು ಶತಮಾನಗಳಲ್ಲಿ ಹೆಚ್ಚಾಗಿ ಬದಲಾಗಲಿಲ್ಲ. ಬದಲಾದುದು ಎರಡನೆಯದರ ಉತ್ತರ. ಶಾಸನದ ಗತಿಯನ್ನು ನಿರ್ಣಯಿಸಿದುದು ಈ ಎರಡನೆಯ ಪ್ರಶ್ನೆಯೇ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಶಬ್ದವನ್ನು ಕುರಿತು ಒಂದು ಮಾತು ಅವಶ್ಯ. ‘ಸಲಿಂಗಕಾಮ’ ಎಂಬ ಅರ್ಥದ ಯೂರೋಪಿಯನ್ ಶಬ್ದವು ಅಚ್ಚಿನಲ್ಲಿ ಕಾಣಿಸಿಕೊಂಡುದು ೧೮೬೯ರಲ್ಲಿ. ಅದಕ್ಕೆ ಹಿಂದಿನ ಧರ್ಮಗ್ರಂಥಗಳೂ ಶಾಸನಗಳೂ ಕೆಲವು ಕೃತ್ಯಗಳನ್ನು ಕುರಿತು ಮಾತನಾಡುತ್ತವೆಯೇ ಹೊರತು ಒಂದು ಬಗೆಯ ಮನಃಪ್ರವೃತ್ತಿಯುಳ್ಳ ವ್ಯಕ್ತಿಗಳನ್ನು ಕುರಿತಲ್ಲ. ಪ್ರವೃತ್ತಿಗೂ ಕೃತ್ಯಕ್ಕೂ ಇರುವ ಈ ಅಂತರವು ಮುಂದೆ ಚರ್ಚಿನ ವಿಚಾರವನ್ನೇ ತಿರುಗಿಸಿತೆಂಬುದನ್ನು ನಾವು ಕಾಣಲಿದ್ದೇವೆ.

೨

ನಂಬಿಕೆಯ ಮೂಲಗಳನ್ನು ಮೊದಲು ನೋಡೋಣ. ಬೈಬಲಿನಲ್ಲಿ ಈ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ವಾಕ್ಯಗಳು ಬಹಳ ಕಡಮೆ. ಹಳೆಯ ಒಡಂಬಡಿಕೆಯಲ್ಲಿ ಯಾಜಕಕಾಂಡದ ೧೮ ಮತ್ತು ೨೦ನೆಯ ಅಧ್ಯಾಯಗಳಲ್ಲಿ ಒಂದೊಂದು ನಿಷೇಧವಿದೆ. ಎರಡನೆಯದು ಮರಣದಂಡನೆಯನ್ನು ವಿಧಿಸುತ್ತದೆ. ಹೊಸ ಒಡಂಬಡಿಕೆಯಲ್ಲಿ ಸಂತ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಮೊದಲನೆಯ ಅಧ್ಯಾಯವೂ, ಕೊರಿಂಥದವರಿಗೂ ತಿಮೊಥೆಯನಿಗೂ ಬರೆದ ಮೊದಲನೆಯ ಪತ್ರಿಕೆಗಳಲ್ಲಿನ ಎರಡು ಪಾಪಪಟ್ಟಿಗಳೂ ಇವೆ. ನಾಲ್ಕು ಸುವಾರ್ತೆಗಳಲ್ಲಿ ಯೇಸುವಿನ ಬಾಯಿಂದ ಈ ವಿಷಯವಾಗಿ ಒಂದು ಮಾತೂ ಬಂದಿಲ್ಲ.

ಆದರೆ ಶಾಸನದ ಮೇಲೆ ಹೆಚ್ಚಿನ ಪ್ರಭಾವ ಬೀರಿದುದು ಈ ನಿಷೇಧಗಳಿಗಿಂತ ಆದಿಕಾಂಡದ ೧೯ನೆಯ ಅಧ್ಯಾಯದ ಸೊದೋಮ್ ಪಟ್ಟಣದ ಕಥೆ. ಲೋಟನ ಮನೆಗೆ ಬಂದ ಅತಿಥಿಗಳ ಮೇಲೆ ಊರ ಗಂಡಸರೆಲ್ಲರೂ ಏರಿ ಬಂದರು. ದೇವರು ಆಕಾಶದಿಂದ ಅಗ್ನಿಗಂಧಕಗಳನ್ನು ಸುರಿಸಿ ಸೊದೋಮ್ ಗೊಮೋರಗಳನ್ನು ನಾಶಮಾಡಿದನು. ಈ ಊರಿನ ಪಾಪ ಯಾವುದು? ಪ್ರವಾದಿಯಾದ ಯೆಹೆಜ್ಕೇಲನು ೧೬ನೆಯ ಅಧ್ಯಾಯದಲ್ಲಿ ಅದನ್ನು ಗರ್ವವೆಂದೂ, ಹೊಟ್ಟೆ ತುಂಬ ಉಂಡು ನೆಮ್ಮದಿಯಾಗಿದ್ದರೂ ಬಡವರಿಗೆ ಕೈನೀಡದ ಕಠಿಣತೆಯೆಂದೂ ಹೇಳಿದ್ದಾನೆ. ಕ್ರಿ.ಶ. ಒಂದನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಯೆಹೂದಿ ತತ್ತ್ವಜ್ಞಾನಿ ಫೈಲೋ ಅದೇ ಪಾಪವನ್ನು ಗಂಡಸರ ಪರಸ್ಪರ ಕಾಮವೆಂದು ವಿವರಿಸಿದನು. ಕ್ರೈಸ್ತ ಪರಂಪರೆಯಲ್ಲಿ ಬೇರೂರಿದುದು ಈ ಎರಡನೆಯ ವ್ಯಾಖ್ಯಾನ.

ಇದರ ರಾಜಕೀಯ ಫಲವನ್ನು ಗಮನಿಸಬೇಕು. ಕಥೆಯಲ್ಲಿ ದಂಡನೆಗೆ ಗುರಿಯಾದುದು ತಪ್ಪುಮಾಡಿದವರೊಬ್ಬರೇ ಅಲ್ಲ, ಊರಿಗೆ ಊರೇ. ಹೀಗಿರುವಾಗ ಕೆಲವರ ಖಾಸಗಿ ಪಾಪವು ಎಲ್ಲರ ಕ್ಷೇಮಕ್ಕೆ ಅಪಾಯವಾಗುತ್ತದೆ. ಅದನ್ನು ತಡೆಯುವುದು ದೊರೆಯ ರಕ್ಷಣಾಕಾರ್ಯಗಳಲ್ಲಿ ಸೇರುತ್ತದೆ. ಆರನೆಯ ಶತಮಾನದಲ್ಲಿ ಚಕ್ರವರ್ತಿ ಜಸ್ಟಿನಿಯನ್ನನು ಹೊರಡಿಸಿದ ಶಾಸನವು ಈ ತರ್ಕವನ್ನೇ ಹಿಡಿದಿದೆ. ಇಂತಹ ಪಾತಕಗಳಿಂದಲೇ ಕ್ಷಾಮ, ಭೂಕಂಪ, ಸಾಂಕ್ರಾಮಿಕಗಳು ಉಂಟಾಗುತ್ತವೆಯೆಂದು ಅದು ಸಾರಿತು. ಅಂದು ಪಾಪವು ರಾಜ್ಯದ ವಿಷಯವಾದುದು ದೈವಕೋಪದ ಭಯದ ಮೂಲಕ.

ಮಧ್ಯಯುಗದ ಚರ್ಚಿನ ನಿಯಮಗಳು ಇಷ್ಟು ಉಗ್ರವಾಗಿರಲಿಲ್ಲ. ೧೧೭೯ರ ಮೂರನೆಯ ಲ್ಯಾಟರನ್ ಮಹಾಸಭೆಯು ಈ ದೋಷಕ್ಕೆ ಸಿಕ್ಕಿದ ಪಾದ್ರಿಗಳನ್ನು ಪದವಿಯಿಂದ ತೆಗೆಯಬೇಕು ಅಥವಾ ಮಠದಲ್ಲಿ ಪ್ರಾಯಶ್ಚಿತ್ತಕ್ಕೆ ಇಡಬೇಕು, ಗೃಹಸ್ಥರನ್ನು ಬಹಿಷ್ಕರಿಸಬೇಕು ಎಂದು ವಿಧಿಸಿತು. ಹದಿಮೂರನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸನು ತನ್ನ ಮಹಾಗ್ರಂಥದ ಒಂದು ಭಾಗದಲ್ಲಿ ಪ್ರಕೃತಿಯ ಕ್ರಮಕ್ಕೆ ವಿರುದ್ಧವಾದ ಕಾಮವನ್ನು ಕಾಮಪಾಪಗಳಲ್ಲೆಲ್ಲ ಘೋರವಾದುದೆಂದು ಎಣಿಸಿದನು. ಅದೇ ಗ್ರಂಥದ ಇನ್ನೊಂದು ಭಾಗದಲ್ಲಿ ಅವನು ಮನುಷ್ಯಕೃತವಾದ ಶಾಸನವು ಎಲ್ಲ ದುರ್ಗುಣಗಳನ್ನೂ ನಿಷೇಧಿಸಲಾರದು, ಮುಖ್ಯವಾಗಿ ಇತರರಿಗೆ ಹಾನಿಮಾಡುವ ಮತ್ತು ಸಮಾಜದ ಬಾಳ್ವೆಯನ್ನೇ ಕೆಡಿಸುವ ದುರ್ಗುಣಗಳನ್ನು ಮಾತ್ರ ನಿಷೇಧಿಸಬೇಕು ಎಂದು ಪ್ರತಿಪಾದಿಸಿದನು. ಅಂದರೆ, ಮುಂದೆ ಇಂಗ್ಲೆಂಡಿನಲ್ಲಿ ಪರಸ್ಪರ ಎದುರಾದ ಎರಡು ಪಕ್ಷಗಳ ಬೀಜಗಳೂ ಒಬ್ಬನೇ ಧರ್ಮಶಾಸ್ತ್ರಜ್ಞನ ಒಂದೇ ಗ್ರಂಥದಲ್ಲಿ ಇದ್ದುವು.

೩

೧೫೩೩ರವರೆಗೆ ಇಂಗ್ಲೆಂಡಿನಲ್ಲಿ ಈ ದೋಷದ ವಿಚಾರಣೆ ಚರ್ಚಿನ ನ್ಯಾಯಾಲಯಗಳಿಗೆ ಸೇರಿತ್ತು. ಆ ವರ್ಷ ಎಂಟನೆಯ ಹೆನ್ರಿಯ ಪಾರ್ಲಿಮೆಂಟು, ಮಂತ್ರಿ ಥಾಮಸ್ ಕ್ರಾಮ್‌ವೆಲ್ಲನ ನೇತೃತ್ವದಲ್ಲಿ, ಇದನ್ನು ರಾಜನ್ಯಾಯಾಲಯಗಳಿಗೆ ವರ್ಗಾಯಿಸಿ ಮರಣದಂಡನೆಯನ್ನೂ ಆಸ್ತಿಯ ಮುಟ್ಟುಗೋಲನ್ನೂ ವಿಧಿಸಿತು. ಪಾದ್ರಿಗಳಿಗೆ ಸಾಮಾನ್ಯವಾಗಿ ದೊರೆಯುತ್ತಿದ್ದ ವಿನಾಯಿತಿಯನ್ನು ಈ ಅಪರಾಧಕ್ಕೆ ಕಿತ್ತುಹಾಕಿತು. ಶಾಸನದ ಪೀಠಿಕೆಯು ಈ ದುರಾಚಾರಕ್ಕೆ ದೇಶದ ಕಾನೂನಿನಲ್ಲಿ ತಕ್ಕಷ್ಟು ಶಿಕ್ಷೆ ಇಲ್ಲವೆಂಬುದನ್ನು ಕಾರಣವಾಗಿ ಕೊಡುತ್ತದೆ.

ಇಲ್ಲಿ ನಂಬಿಕೆಯಲ್ಲಿ ಹೊಸದೇನೂ ಇಲ್ಲ. ಹೊಸದಾದುದು ಅಧಿಕಾರದ ಹಂಚಿಕೆ. ಹೆನ್ರಿಯು ಪೋಪರೊಡನೆ ಸಂಬಂಧವನ್ನು ಕಡಿದುಕೊಂಡು ಚರ್ಚಿನ ನ್ಯಾಯಾಧಿಕಾರವನ್ನು ಒಂದೊಂದಾಗಿ ತನ್ನ ಕೈಗೆ ತೆಗೆದುಕೊಳ್ಳುತ್ತಿದ್ದ ಕಾಲ ಅದು. ಎರಡು ವರ್ಷಗಳ ತರುವಾಯ ಕ್ರಾಮ್‌ವೆಲ್ಲನ ತನಿಖಾಧಿಕಾರಿಗಳು ಮಠಗಳನ್ನು ಸುತ್ತಿ ಸನ್ಯಾಸಿಗಳ ದೋಷಗಳ ಪಟ್ಟಿಯನ್ನು ತಯಾರಿಸಿದಾಗ ಈ ದೋಷವೂ ಅದರಲ್ಲಿ ಸೇರಿತು. ಮಠಗಳ ವಿಸರ್ಜನೆಗೆ ಆ ಪಟ್ಟಿ ನೆರವಾಯಿತು. ಶಾಸನದ ಮುಂದಿನ ಏರಿಳಿತವೂ ಇದನ್ನೇ ಸಮರ್ಥಿಸುತ್ತದೆ. ೧೫೫೩ರಲ್ಲಿ ಕ್ಯಾಥೊಲಿಕ್ ಮತದವಳಾದ ಮೇರಿ ರಾಣಿ ಪಟ್ಟಕ್ಕೆ ಬಂದಾಗ ಶಾಸನ ರದ್ದಾಗಿ ವಿಚಾರಣೆ ಚರ್ಚಿಗೆ ಹಿಂತಿರುಗಿತು. ಎಲಿಜಬೆತ್ ರಾಣಿಯ ಪಾರ್ಲಿಮೆಂಟು ೧೫೬೩ರಲ್ಲಿ ಅದನ್ನು ಪುನಃ ಜಾರಿಗೆ ತಂದಿತು. ಮೇರಿಗೆ ಈ ಪಾಪದ ವಿಷಯದಲ್ಲಿ ಮೃದುತ್ವವಿತ್ತೆಂದು ಯಾರೂ ಹೇಳಲಾರರು. ವಿಚಾರಿಸುವವರು ಯಾರು ಎಂಬುದಷ್ಟೇ ಬದಲಾಯಿತು.

ಹಾಗೆ ರಾಜ್ಯದ ಕೈಸೇರಿದ ಅಪರಾಧವು ರಾಜ್ಯದ ನ್ಯಾಯಶಾಸ್ತ್ರದಲ್ಲಿ ನೆಲೆಯೂರಿತು. ಹದಿನೇಳನೆಯ ಶತಮಾನದಲ್ಲಿ ಸರ್ ಎಡ್ವರ್ಡ್ ಕೋಕನೂ, ಹದಿನೆಂಟನೆಯ ಶತಮಾನದಲ್ಲಿ ಬ್ಲ್ಯಾಕ್‌ಸ್ಟೋನನೂ ಇದನ್ನು ವಿವರಿಸುವಾಗ ಧರ್ಮಗ್ರಂಥವನ್ನೇ ಆಧಾರವಾಗಿ ಹಿಡಿದರು. ಅದರ ಹೆಸರನ್ನು ಹೇಳುವುದೇ ಕ್ರೈಸ್ತರಿಗೆ ಸಲ್ಲದೆಂಬ ಮಾತು ನ್ಯಾಯಾಲಯಗಳಲ್ಲಿ ರೂಢಿಯಾಯಿತು. ಹೀಗೆ ಹೆಸರಿಸಬಾರದ ಅಪರಾಧವನ್ನು ಚರ್ಚಿಸುವುದೂ ಸಾಧ್ಯವಾಗಲಿಲ್ಲ. ಜೆರಿಮಿ ಬೆಂಥಾಮನು ೧೭೮೫ರ ಸುಮಾರಿಗೆ ಈ ದಂಡನೆಗೆ ಯಾವ ಆಧಾರವೂ ಇಲ್ಲವೆಂದು ದೀರ್ಘವಾದ ಪ್ರಬಂಧವನ್ನು ಬರೆದನಾದರೂ ಅದನ್ನು ಪ್ರಕಟಿಸುವ ಧೈರ್ಯಮಾಡಲಿಲ್ಲ. ಅದು ಅಚ್ಚಾದುದು ೧೯೭೮ರಲ್ಲಿ. ೧೮೩೫ರ ನವೆಂಬರ್ ೨೭ರಂದು ಜೇಮ್ಸ್ ಪ್ರಾಟ್ ಮತ್ತು ಜಾನ್ ಸ್ಮಿತ್ ಎಂಬಿಬ್ಬರನ್ನು ಲಂಡನ್ನಿನ ನ್ಯೂಗೇಟ್ ಸೆರೆಮನೆಯ ಮುಂದೆ ಗಲ್ಲಿಗೇರಿಸಲಾಯಿತು. ಈ ಅಪರಾಧಕ್ಕಾಗಿ ಇಂಗ್ಲೆಂಡಿನಲ್ಲಿ ನಡೆದ ಮರಣದಂಡನೆಗಳಲ್ಲಿ ಅದೇ ಕಡೆಯದು. ೧೮೬೧ರ ಶಾಸನವು ಮರಣದಂಡನೆಗೆ ಬದಲಾಗಿ ಹತ್ತು ವರ್ಷಗಳಿಗೆ ಕಡಮೆಯಿಲ್ಲದ, ಅಥವಾ ಜೀವಾವಧಿಯ, ಕಠಿಣ ಸೆರೆವಾಸವನ್ನು ಇಟ್ಟಿತು. ೧೮೮೫ರಲ್ಲಿ ಹುಡುಗಿಯರ ರಕ್ಷಣೆಗಾಗಿ ಬಂದ ಮಸೂದೆಗೆ ಹೆನ್ರಿ ಲಬೂಶೇರ್ ಎಂಬ ಸದಸ್ಯನು ಒಂದು ತಿದ್ದುಪಡಿಯನ್ನು ಸೇರಿಸಿದನು. ಗಂಡಸರ ನಡುವಣ ಯಾವುದೇ ‘ಘೋರ ಅಸಭ್ಯತೆ’ಯನ್ನು, ಅದು ಖಾಸಗಿಯಾಗಿ ನಡೆದಿದ್ದರೂ, ಎರಡು ವರ್ಷಗಳ ಸೆರೆವಾಸಕ್ಕೆ ಗುರಿಮಾಡಿದ ತಿದ್ದುಪಡಿ ಅದು. ಸಾಹಿತಿ ಆಸ್ಕರ್ ವೈಲ್ಡನು ೧೮೯೫ರಲ್ಲಿ ಶಿಕ್ಷೆಗೊಳಗಾದುದು ಇದರ ಅಡಿಯಲ್ಲಿ.

ಇದೇ ಅವಧಿಯ ಫ್ರಾನ್ಸನ್ನು ನೋಡಿದರೆ ನಮ್ಮ ವಾದ ಸ್ಪಷ್ಟವಾಗುತ್ತದೆ. ಕ್ರಾಂತಿಯ ಕಾಲದ ೧೭೯೧ರ ದಂಡಸಂಹಿತೆಯು ಈ ಅಪರಾಧವನ್ನು ಸದ್ದಿಲ್ಲದೆ ಕೈಬಿಟ್ಟಿತು. ನೆಪೋಲಿಯನ್ನನ ೧೮೧೦ರ ಸಂಹಿತೆಯೂ ಅದನ್ನು ಮರಳಿ ಸೇರಿಸಲಿಲ್ಲ. ಫ್ರಾನ್ಸಿನ ಜನ ಬಹುತೇಕ ಕ್ಯಾಥೊಲಿಕರಾಗಿಯೇ ಉಳಿದರು. ಅವರ ಪಾದ್ರಿಗಳು ಅದನ್ನು ಮಹಾಪಾಪವೆಂದೇ ಬೋಧಿಸುತ್ತಿದ್ದರು. ಎರಡು ದೇಶಗಳ ಧರ್ಮಬೋಧೆಯೂ ಒಂದೇ ಆಗಿದ್ದು, ಒಂದರಲ್ಲಿ ಗಲ್ಲು, ಇನ್ನೊಂದರಲ್ಲಿ ಯಾವ ದಂಡನೆಯೂ ಇಲ್ಲ. ಪಾಪದ ನಂಬಿಕೆಯೊಂದೇ ಶಾಸನವನ್ನು ಹುಟ್ಟಿಸುವುದಾದರೆ ಈ ವ್ಯತ್ಯಾಸಕ್ಕೆ ಅರ್ಥವಿರುವುದಿಲ್ಲ.

ಇಂಗ್ಲೆಂಡಿನ ಈ ಶಾಸನವು ಭಾರತಕ್ಕೆ ಬಂದ ಬಗೆಯನ್ನೂ ಇಲ್ಲಿಯೇ ಹೇಳಬೇಕು. ಮೆಕಾಲೆಯ ಅಧ್ಯಕ್ಷತೆಯ ಕಾನೂನು ಆಯೋಗವು ೧೮೩೭ರಲ್ಲಿ ಭಾರತೀಯ ದಂಡಸಂಹಿತೆಯ ಕರಡನ್ನು ಸಲ್ಲಿಸಿತು. ಉಳಿದ ಅಪರಾಧಗಳಿಗೆ ವಿಸ್ತಾರವಾದ ಟಿಪ್ಪಣಿಗಳನ್ನು ಬರೆದ ಆಯೋಗವು ಇದೊಂದರ ವಿಷಯದಲ್ಲಿ, ಸಾರ್ವಜನಿಕ ಚರ್ಚೆಯಿಂದಲೇ ನೀತಿಗೆ ಹಾನಿಯಾದೀತೆಂದು ಹೇಳಿ, ಟಿಪ್ಪಣಿಯನ್ನು ತಡೆಹಿಡಿಯಿತು. ೧೮೬೦ರಲ್ಲಿ ಅಂಗೀಕೃತವಾಗಿ ೧೮೬೨ರ ಜನವರಿ ೧ರಿಂದ ಜಾರಿಗೆ ಬಂದ ಸಂಹಿತೆಯ ೩೭೭ನೆಯ ಕಲಮು ‘ಪ್ರಕೃತಿಯ ಕ್ರಮಕ್ಕೆ ವಿರುದ್ಧವಾದ’ ಸಂಭೋಗವನ್ನು ಜೀವಾವಧಿಯವರೆಗಿನ ಶಿಕ್ಷೆಗೆ ಗುರಿಮಾಡಿತು. ಅಕ್ವಿನಾಸನ ಧರ್ಮಶಾಸ್ತ್ರದ ಪರಿಭಾಷೆಯು ಅದರ ಹಿಂದಿನ ವಾದವನ್ನೆಲ್ಲ ಕಳಚಿಕೊಂಡು, ಕ್ರೈಸ್ತರು ಅಲ್ಪಸಂಖ್ಯಾತರಾಗಿದ್ದ ದೇಶವೊಂದರ ಕಾನೂನಿನಲ್ಲಿ ಕುಳಿತುದು ಹೀಗೆ.

೪

ಎರಡನೆಯ ಮಹಾಯುದ್ಧದ ತರುವಾಯ ಇಂಗ್ಲೆಂಡಿನಲ್ಲಿ ಈ ಅಪರಾಧದ ಮೊಕದ್ದಮೆಗಳು ಹಲವು ಪಟ್ಟು ಏರಿದುವು. ಯುದ್ಧಕಾಲದಲ್ಲಿ ಶತ್ರುಗಳ ಗುಪ್ತಲಿಪಿಯನ್ನು ಭೇದಿಸಿದ ಗಣಿತಜ್ಞ ಅಲನ್ ಟ್ಯೂರಿಂಗ್ ೧೯೫೨ರಲ್ಲಿ ಶಿಕ್ಷೆಗೊಳಗಾಗಿ, ಸೆರೆವಾಸಕ್ಕೆ ಬದಲು ಹಾರ್ಮೋನು ಚಿಕಿತ್ಸೆಗೆ ಒಪ್ಪಿ, ೧೯೫೪ರಲ್ಲಿ ತೀರಿಕೊಂಡನು. ಅದೇ ೧೯೫೪ರ ಮಾರ್ಚಿಯಲ್ಲಿ ಲಾರ್ಡ್ ಮಾಂಟೆಗ್ಯೂ ಮತ್ತು ಪತ್ರಕರ್ತ ಪೀಟರ್ ವೈಲ್ಡ್‌ಬ್ಲಡ್ ಮೊದಲಾದವರ ವಿಚಾರಣೆ ನಡೆದು ಅವರು ಸೆರೆಮನೆ ಸೇರಿದರು. ಬೆದರಿಸಿ ಹಣ ಕೀಳುವವರಿಗೆ ೧೮೮೫ರ ಕಲಮು ಒಳ್ಳೆಯ ಆಯುಧವಾಗಿದೆಯೆಂಬುದು ವಕೀಲರಲ್ಲಿ ಮನೆಮಾತಾಗಿತ್ತು.

ಈ ಸಂದರ್ಭದಲ್ಲಿ ಮೊದಲು ಮಾತನಾಡಿದವರಲ್ಲಿ ಆಂಗ್ಲಿಕನ್ ಪಾದ್ರಿ ಡೆರಿಕ್ ಶರ್ವಿನ್ ಬೇಲಿ ಒಬ್ಬನು. ೧೯೫೨ರಲ್ಲಿ ಅವನು ಧರ್ಮಶಾಸ್ತ್ರದ ಪತ್ರಿಕೆಯೊಂದರಲ್ಲಿ ಈ ಸಮಸ್ಯೆಯನ್ನು ಕುರಿತು ಲೇಖನ ಬರೆದನು. ಅವನು ಕೆಲಸಮಾಡುತ್ತಿದ್ದ ಚರ್ಚಿನ ನೈತಿಕ ಕ್ಷೇಮ ಮಂಡಲಿಯು ಪಾದ್ರಿಗಳು, ವೈದ್ಯರು, ವಕೀಲರು ಕೂಡಿದ ಒಂದು ಗುಂಪಿನಿಂದ ಅಧ್ಯಯನ ಮಾಡಿಸಿ, ೧೯೫೪ರಲ್ಲಿ ಮಧ್ಯಂತರ ವರದಿಯೊಂದನ್ನು ಅಚ್ಚುಹಾಕಿಸಿತು. ೧೯೫೫ರಲ್ಲಿ ಬೇಲಿಯ ಪ್ರಸಿದ್ಧ ಗ್ರಂಥ ‘ಸಲಿಂಗಕಾಮ ಮತ್ತು ಪಾಶ್ಚಾತ್ಯ ಕ್ರೈಸ್ತ ಪರಂಪರೆ’ ಪ್ರಕಟವಾಯಿತು. ಸೊದೋಮಿನ ಕಥೆಯ ಮೂಲ ಪಾಪ ಅತಿಥಿದ್ರೋಹವೆಂದೂ, ಕಾಮಪರವಾದ ವ್ಯಾಖ್ಯಾನ ಬಹಳ ತಡವಾಗಿ ಬಂದುದೆಂದೂ ಅವನು ಅದರಲ್ಲಿ ವಾದಿಸಿದನು. ಅವನ ಹೀಬ್ರೂ ಶಬ್ದವಿಚಾರವನ್ನು ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ಕಥೆಯಲ್ಲಿ ಬಲಾತ್ಕಾರದ ಉದ್ದೇಶವಿದ್ದುದು ನಿಜವೆಂದು ಹಲವರು ತೋರಿಸಿದ್ದಾರೆ. ಆದರೆ ಊರನ್ನೇ ಸುಡುವ ದೈವಕೋಪದ ಭಯಕ್ಕೆ ಇದ್ದ ಶಾಸ್ತ್ರಾಧಾರವನ್ನು ಅವನು ಅಲ್ಲಾಡಿಸಿದನು. ಆ ಭಯ ಹೋದರೆ ಖಾಸಗಿ ಪಾಪವನ್ನು ರಾಜ್ಯದ ರಕ್ಷಣೆಯ ವಿಷಯವಾಗಿ ಮಾಡಿದ ಹಳೆಯ ಕೊಂಡಿ ಕಳಚುತ್ತದೆ.

ಬೇಲಿಯ ವಾದದಲ್ಲಿ ಇನ್ನೆರಡು ಅಂಶಗಳಿದ್ದುವು. ಮೊದಲನೆಯದಾಗಿ, ಪ್ರವೃತ್ತಿ ಬೇರೆ, ಕೃತ್ಯ ಬೇರೆ. ತಾನಾಗಿ ಆರಿಸಿಕೊಳ್ಳದ ಪ್ರವೃತ್ತಿಗೆ ಯಾರೂ ಪಾಪಿಯಾಗಲಾರರು. ಎರಡನೆಯದಾಗಿ, ಶಾಸನದಲ್ಲಿ ಸಮತೆ ಇಲ್ಲ. ವ್ಯಭಿಚಾರವೂ ಪಾಪವೇ, ಅದು ಸಂಸಾರಗಳನ್ನು ಒಡೆಯುತ್ತದೆ, ಆದರೂ ಇಂಗ್ಲೆಂಡಿನ ಕಾನೂನು ಅದನ್ನು ಅಪರಾಧವೆನ್ನುವುದಿಲ್ಲ. ಹೆಂಗಸರ ಸಲಿಂಗಕಾಮವನ್ನೂ ದಂಡಿಸುವುದಿಲ್ಲ. ೧೯೨೧ರಲ್ಲಿ ಹಾಗೆ ಮಾಡಲು ಕಾಮನ್ಸ್ ಸಭೆ ಒಪ್ಪಿದರೂ ಲಾರ್ಡ್ಸ್ ಸಭೆ ತಿರಸ್ಕರಿಸಿತ್ತು. ಹೀಗಿರಲು ಗಂಡಸರ ಈ ಒಂದು ಪಾಪವನ್ನು ಮಾತ್ರ ಆರಿಸಿ ಸೆರೆಮನೆಗೆ ಕಳುಹಿಸುವುದು ನೀತಿಯೂ ಅಲ್ಲ, ನ್ಯಾಯವೂ ಅಲ್ಲ ಎಂಬುದು ಅವರ ನಿಲುವು. ಪಾಪವೆಂಬ ಮಾತನ್ನು ಗಂಭೀರವಾಗಿ ತೆಗೆದುಕೊಂಡವರಿಗೇ ಈ ಅಸಮತೆ ಕಣ್ಣಿಗೆ ಕಟ್ಟಿತೆಂಬುದು ಗಮನಾರ್ಹ.

೧೯೫೪ರ ಆಗಸ್ಟಿನಲ್ಲಿ ಗೃಹಮಂತ್ರಿ ಸರ್ ಡೇವಿಡ್ ಮ್ಯಾಕ್ಸ್‌ವೆಲ್ ಫೈಫ್, ರೆಡಿಂಗ್ ವಿಶ್ವವಿದ್ಯಾನಿಲಯದ ಉಪಕುಲಪತಿ ಜಾನ್ ವುಲ್ಫೆಂಡನ್ನನ ಅಧ್ಯಕ್ಷತೆಯಲ್ಲಿ, ಸಲಿಂಗಕಾಮದ ಅಪರಾಧಗಳನ್ನೂ ವೇಶ್ಯಾವೃತ್ತಿಯನ್ನೂ ಪರಿಶೀಲಿಸಲು ಸಮಿತಿಯನ್ನು ನೇಮಿಸಿದನು. ಆಕ್ಸ್‌ಫರ್ಡಿನ ನೀತಿಧರ್ಮಶಾಸ್ತ್ರದ ಪ್ರಾಧ್ಯಾಪಕ ಕ್ಯಾನನ್ ಡಿಮ್ಯಾಂಟ್ ಮತ್ತು ಸ್ಕಾಟ್ಲೆಂಡ್ ಚರ್ಚಿನ ಪಾದ್ರಿ ಆರ್. ಎಫ್. ವಿ. ಸ್ಕಾಟ್ ಅದರ ಸದಸ್ಯರು. ಸಮಿತಿ ೬೨ ದಿನ ಸೇರಿತು. ಅದರಲ್ಲಿ ೩೨ ದಿನ ಸಾಕ್ಷಿಗಳ ಹೇಳಿಕೆ ಕೇಳುವುದಕ್ಕೆ ಸಂದಿತು. ಆಂಗ್ಲಿಕನ್ ಮಂಡಲಿಯ ಸಾಕ್ಷ್ಯ ಬೇಲಿಯ ಸಂಪಾದಕತ್ವದಲ್ಲಿ ೧೯೫೬ರಲ್ಲಿ ಪುಸ್ತಕವಾಗಿಯೂ ಬಂದಿತು. ವೆಸ್ಟ್‌ಮಿನ್‌ಸ್ಟರಿನ ಕಾರ್ಡಿನಲ್ ಗ್ರಿಫಿನ್ ನೇಮಿಸಿದ ರೋಮನ್ ಕ್ಯಾಥೊಲಿಕ್ ಸಲಹಾ ಸಮಿತಿಯೂ ಇದೇ ಹಾದಿಯನ್ನು ಹಿಡಿಯಿತು. ಸಲಿಂಗಸಂಭೋಗ ಘೋರಪಾಪವೆಂದು ಹೇಳಿ, ಒಡನೆಯೇ ಪಾಪವನ್ನು ಪಾಪವಾಗಿ ದಂಡಿಸುವುದು ರಾಜ್ಯದ ಕೆಲಸವಲ್ಲವೆಂದು ಅದು ಸಾಕ್ಷ್ಯ ನುಡಿಯಿತು.

೧೯೫೭ರ ಸೆಪ್ಟೆಂಬರ್ ೪ರಂದು ವರದಿ ಪ್ರಕಟವಾಯಿತು. ಇಪ್ಪತ್ತೊಂದು ವರ್ಷ ದಾಟಿದ ಗಂಡಸರು ಪರಸ್ಪರ ಸಮ್ಮತಿಯಿಂದ ಖಾಸಗಿಯಾಗಿ ನಡೆಸುವ ಕೃತ್ಯವು ಅಪರಾಧವಾಗಕೂಡದೆಂದು ಸಮಿತಿ ಶಿಫಾರಸು ಮಾಡಿತು. ಸಾರ್ವಜನಿಕ ಶಿಸ್ತನ್ನು ಕಾಪಾಡುವುದು, ಎಳೆಯರನ್ನೂ ದುರ್ಬಲರನ್ನೂ ರಕ್ಷಿಸುವುದು ಕಾನೂನಿನ ಕೆಲಸ. ಸಮಾಜವು ಪಾಪವನ್ನೂ ಅಪರಾಧವನ್ನೂ ಒಂದೇ ಎಂದು ಸಾಧಿಸಹೊರಡದಿರುವವರೆಗೆ, ಖಾಸಗಿ ನೀತಿಯ ಒಂದು ವಲಯವು ಕಾನೂನಿನ ಕೈಗೆ ಹೊರಗಾಗಿ ಉಳಿಯಬೇಕು ಎಂಬುದು ಅದರ ತತ್ತ್ವ. ಸಹಿಮಾಡಿದ ಹದಿಮೂವರಲ್ಲಿ ಈ ಶಿಫಾರಸನ್ನು ಪೂರ್ಣವಾಗಿ ವಿರೋಧಿಸಿದವನು ಗ್ಲಾಸ್ಗೋದ ಮಾಜಿ ಸರ್ಕಾರಿ ಅಭಿಯೋಜಕ ಜೇಮ್ಸ್ ಅಡೇರ್ ಒಬ್ಬನೇ. ಅವನು ಸ್ಕಾಟ್ಲೆಂಡ್ ಚರ್ಚಿನ ಹಿರಿಯರಲ್ಲೊಬ್ಬನು. ಆ ಚರ್ಚಿನ ಪಾದ್ರಿಯಾದ ಸ್ಕಾಟ್ ಬಹುಮತದ ಪಕ್ಷದಲ್ಲಿದ್ದನು. ಒಂದೇ ಚರ್ಚಿಗೆ ಸೇರಿ ಒಂದೇ ಧರ್ಮಬೋಧೆಯನ್ನು ನಂಬಿದ ಇಬ್ಬರು ಶಾಸನದ ಪ್ರಶ್ನೆಯಲ್ಲಿ ಹೀಗೆ ಇಬ್ಭಾಗವಾದರು.

೫

ವರದಿಯ ತರುವಾಯದ ಹತ್ತು ವರ್ಷಗಳ ವಾದ ಈ ಗೆರೆಯ ಎರಡೂ ಕಡೆ ನಡೆಯಿತು. ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಜೆಫ್ರಿ ಫಿಷರ್ ವರದಿಯ ತತ್ತ್ವವನ್ನು ಬೆಂಬಲಿಸಿದನು. ೧೯೫೭ರ ನವೆಂಬರಿನಲ್ಲಿ ಆಂಗ್ಲಿಕನ್ ಚರ್ಚಿನ ಪ್ರತಿನಿಧಿ ಸಭೆಯು ಶಿಫಾರಸನ್ನು ೧೫೫ಕ್ಕೆ ೧೩೮ ಮತಗಳಿಂದ ಒಪ್ಪಿತು. ಹದಿನೇಳು ಮತಗಳ ಈ ಅಂತರ ಚರ್ಚಿನೊಳಗಿನ ಭಿನ್ನಾಭಿಪ್ರಾಯ ಎಷ್ಟು ಆಳವಾಗಿತ್ತೆಂಬುದನ್ನೂ ತೋರಿಸುತ್ತದೆ. ೧೯೫೮ರಲ್ಲಿ ಮೆಥಾಡಿಸ್ಟರ ಸಮ್ಮೇಳನ ಬೆಂಬಲ ಕೊಟ್ಟಿತು. ಸ್ಕಾಟ್ಲೆಂಡ್ ಚರ್ಚಿನ ಮಹಾಸಭೆ ತಿರಸ್ಕರಿಸಿತು. ಅದೇ ವರ್ಷ ಸ್ಥಾಪಿತವಾದ ಕಾನೂನು ಸುಧಾರಣಾ ಸಂಘದ ಮೊದಲ ಕಾರ್ಯದರ್ಶಿಯೂ ಒಬ್ಬ ಪಾದ್ರಿಯೇ.

ವಿರೋಧಪಕ್ಷದ ವಾದವನ್ನು ಶಾಸ್ತ್ರೀಯವಾಗಿ ಮಂಡಿಸಿದವನು ನ್ಯಾಯಾಧೀಶ ಪ್ಯಾಟ್ರಿಕ್ ಡೆವ್ಲಿನ್. ೧೯೫೯ರ ತನ್ನ ಉಪನ್ಯಾಸದಲ್ಲಿ ಅವನು, ಸಮಾಜವನ್ನು ಹಿಡಿದಿಟ್ಟಿರುವುದು ಅದರ ಹಂಚಿಕೊಂಡ ನೀತಿ, ಆ ನೀತಿಯು ಕೆಟ್ಟರೆ ಸಮಾಜವೇ ಕುಸಿಯುತ್ತದೆ, ಆದಕಾರಣ ತನ್ನ ನೀತಿಯನ್ನು ಕಾನೂನಿನಿಂದ ಕಾಯ್ದುಕೊಳ್ಳುವ ಹಕ್ಕು ಸಮಾಜಕ್ಕೆ ಉಂಟು ಎಂದನು. ಇಂಗ್ಲೆಂಡಿನ ನೀತಿ ಕ್ರೈಸ್ತ ಮೂಲದ್ದೆಂದು ಅವನು ಒಪ್ಪಿದನಾದರೂ, ಅದನ್ನು ಕಾಯಬೇಕಾದುದು ಅದು ದೈವವಾಣಿಯೆಂದಲ್ಲ, ಅದು ಆ ಸಮಾಜದ್ದೆಂಬ ಕಾರಣದಿಂದ. ನಮ್ಮ ಅಭಿಪ್ರಾಯದಲ್ಲಿ ಇದು ಜಸ್ಟಿನಿಯನ್ನನ ವಾದವೇ. ಭೂಕಂಪದ ಸ್ಥಾನದಲ್ಲಿ ಸಾಮಾಜಿಕ ವಿಘಟನೆ ಬಂದಿದೆ. ಆಕ್ಸ್‌ಫರ್ಡಿನ ಎಚ್. ಎಲ್. ಎ. ಹಾರ್ಟ್ ೧೯೬೩ರ ತನ್ನ ಗ್ರಂಥದಲ್ಲಿ ಇದಕ್ಕೆ ಉತ್ತರ ಕೊಟ್ಟು, ಇಂತಹ ಖಾಸಗಿ ಕೃತ್ಯದಿಂದ ಸಮಾಜ ಕುಸಿದುದಕ್ಕೆ ಚರಿತ್ರೆಯಲ್ಲಿ ಸಾಕ್ಷ್ಯವಿಲ್ಲವೆಂದು ತೋರಿಸಿದನು. ಹೀಗೆ ಒಂದು ವಿಚಿತ್ರವಾದ ಸನ್ನಿವೇಶ ಏರ್ಪಟ್ಟಿತು. ಧರ್ಮಪೀಠದಲ್ಲಿದ್ದವರು ಪಾಪವನ್ನು ಕಾನೂನಿನಿಂದ ಬಿಡಿಸಲು ವಾದಿಸಿದರು. ನ್ಯಾಯಪೀಠದವನೊಬ್ಬನು ನೀತಿಯನ್ನು ಕಾನೂನಿಗೆ ಬಿಗಿಯಲು ವಾದಿಸಿದನು.

ಪಾರ್ಲಿಮೆಂಟಿನಲ್ಲಿ ಗತಿ ನಿಧಾನವಾಗಿತ್ತು. ೧೯೬೦ರ ಜೂನಿನಲ್ಲಿ ಕಾಮನ್ಸ್ ಸಭೆ ವರದಿಯನ್ನು ಜಾರಿಗೆ ತರಬೇಕೆಂಬ ಸೂಚನೆಯನ್ನು ೨೧೩ಕ್ಕೆ ೯೯ ಮತಗಳಿಂದ ತಳ್ಳಿಹಾಕಿತು. ೧೯೬೫ರ ಮೇ ತಿಂಗಳಲ್ಲಿ ಲಾರ್ಡ್ ಅರನ್ ತಂದ ಮಸೂದೆಗೆ ಲಾರ್ಡ್ಸ್ ಸಭೆ ಎರಡನೆಯ ವಾಚನದಲ್ಲಿ ೯೪ಕ್ಕೆ ೪೯ ಮತಗಳಿಂದ ಒಪ್ಪಿಗೆ ಕೊಟ್ಟಿತು. ಆ ಹೊತ್ತಿಗೆ ಕ್ಯಾಂಟರ್‌ಬರಿಯ ಪೀಠದಲ್ಲಿದ್ದ ಮೈಕೆಲ್ ರಾಮ್ಸೆ, ಸಲಿಂಗಸಂಭೋಗ ಎಂದೆಂದಿಗೂ ತಪ್ಪೇ, ಆದರೆ ಎಲ್ಲ ತಪ್ಪುಗಳನ್ನೂ ಅಪರಾಧವಾಗಿ ಎಣಿಸುವುದು ಸರಿಯಲ್ಲ ಎಂಬ ನೆಲೆಯಲ್ಲಿ ನಿಂತು ಮಸೂದೆಯ ಪರವಾಗಿ ಮಾತನಾಡಿದನು. ಇದಕ್ಕಾಗಿ ಅವನು ಕಟುವಾದ ನಿಂದೆಯನ್ನೂ ಉಂಡನು. ಸಮಿತಿಯನ್ನು ನೇಮಿಸಿದ್ದ ಮ್ಯಾಕ್ಸ್‌ವೆಲ್ ಫೈಫನೇ, ಆಗ ಲಾರ್ಡ್ ಕಿಲ್ಮ್ಯೂರ್ ಆಗಿ, ಅದೇ ಸಭೆಯಲ್ಲಿ ಮಸೂದೆಯನ್ನು ವಿರೋಧಿಸಿದನು. ಸೇನಾನಿ ಮಾಂಟ್‌ಗೊಮರಿ ಸಮ್ಮತಿಯ ವಯಸ್ಸನ್ನು ಎಂಬತ್ತಕ್ಕೆ ಏರಿಸಬೇಕೆಂದು ಸೂಚಿಸಿ ಪರಿಹಾಸ್ಯ ಮಾಡಿದನು. ಕಡೆಗೆ ಕಾಮನ್ಸ್ ಸಭೆಯಲ್ಲಿ ಲಿಯೋ ಆಬ್ಸ್ ತಂದ ಮಸೂದೆಯು ಗೃಹಮಂತ್ರಿ ರಾಯ್ ಜೆಂಕಿನ್ಸನ ಬೆಂಬಲದಿಂದ ಅಂಗೀಕೃತವಾಗಿ, ೧೯೬೭ರ ಜುಲೈ ೨೭ರಂದು ಶಾಸನವಾಯಿತು.

ಈ ಸುಧಾರಣೆ ಪಾದ್ರಿಗಳೊಬ್ಬರಿಂದಲೇ ಆಯಿತೆಂದು ನಾವು ಹೇಳುತ್ತಿಲ್ಲ. ವೈದ್ಯರ ಅಭಿಪ್ರಾಯ, ಪತ್ರಿಕೆಗಳ ಒತ್ತಡ, ಶಿಕ್ಷೆಗೊಳಗಾದವರ ಸಾಕ್ಷ್ಯ, ೧೯೬೪ರಲ್ಲಿ ಬಂದ ಲೇಬರ್ ಸರ್ಕಾರ ಇವೆಲ್ಲವೂ ಕೂಡಿದುವು. ಆದರೆ ಸಾಮಾನ್ಯ ಸದಸ್ಯನೊಬ್ಬನು ತನ್ನ ಕ್ರೈಸ್ತ ಮನಸ್ಸಾಕ್ಷಿಯನ್ನು ನೋಯಿಸದೆ ಈ ಮಸೂದೆಗೆ ಮತ ಕೊಡಲು ಬೇಕಾದ ವಾದವನ್ನು ಒದಗಿಸಿದುದು ಚರ್ಚು.

೬

ವಾದವು ಗೆದ್ದ ರೀತಿಯೇ ಅದರ ಮಿತಿಯನ್ನೂ ಗೊತ್ತುಮಾಡಿತು. ಪಾಪವು ಪಾಪವಾಗಿಯೇ ಉಳಿಯಲಿ, ಸೆರೆಮನೆ ಮಾತ್ರ ಬೇಡ ಎಂದು ಹೇಳಿದ ಸುಧಾರಣೆಯು ಸಹನೆಯನ್ನು ಕೊಟ್ಟಿತು, ಸಮಾನತೆಯನ್ನು ಕೊಡಲಿಲ್ಲ. ಸಮ್ಮತಿಯ ವಯಸ್ಸು ಇಪ್ಪತ್ತೊಂದಾಯಿತು. ಸೈನ್ಯಕ್ಕೂ ವಾಣಿಜ್ಯ ನೌಕಾದಳಕ್ಕೂ ಶಾಸನ ಅನ್ವಯಿಸಲಿಲ್ಲ. ಮೂರನೆಯವನೊಬ್ಬ ಇದ್ದರೂ ಅದು ಖಾಸಗಿಯಲ್ಲವೆಂದು ಬರೆಯಲಾಯಿತು. ಮಸೂದೆ ಶಾಸನವಾಗುವ ವೇಳೆಗೆ ಲಾರ್ಡ್ ಅರನ್ನನೇ, ಬಿಡುಗಡೆ ಪಡೆದವರು ಸದ್ದುಮಾಡದೆ ಘನತೆಯಿಂದ ಬಾಳಿ ಕೃತಜ್ಞತೆಯನ್ನು ತೋರಿಸಬೇಕೆಂದು ಬುದ್ಧಿ ಹೇಳಿದನು. ಚರ್ಚು ಎಲ್ಲಿ ಎರಡನೆಯ ಪ್ರಶ್ನೆಯಲ್ಲಿ ಹಳೆಯ ಉತ್ತರಕ್ಕೆ ಅಂಟಿಕೊಂಡಿತೋ ಅಲ್ಲಿ ಈ ಸಹನೆಯೂ ತಡವಾಯಿತು. ಸ್ಕಾಟ್ಲೆಂಡಿನಲ್ಲಿ ಶಾಸನ ಬದಲಾದುದು ೧೯೮೦ರಲ್ಲಿ. ಉತ್ತರ ಐರ್ಲೆಂಡಿನಲ್ಲಿ ಪ್ರೆಸ್ಬಿಟೇರಿಯನ್ ಪಾದ್ರಿಯೂ ರಾಜಕಾರಣಿಯೂ ಆದ ಇಯನ್ ಪೇಸ್ಲಿ, ಸೊದೋಮಿನ ಹೆಸರನ್ನೇ ಹಿಡಿದು, ೧೯೭೭ರಲ್ಲಿ ಪ್ರತಿರೋಧವನ್ನು ಕಟ್ಟಿದನು. ೧೯೮೧ರಲ್ಲಿ ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ತೀರ್ಪು ಬಂದ ಮೇಲೆ ೧೯೮೨ರಲ್ಲಿ ಅಲ್ಲಿಯೂ ಶಾಸನ ಬದಲಾಯಿತು.

ಮುಂದೆ ಪ್ರಶ್ನೆಯೇ ಬೇರೆಯಾಯಿತು. ದಂಡನೆಯನ್ನು ತೆಗೆಯಬೇಕೇ ಎಂಬಲ್ಲಿಂದ ವಾದವು ವಿವಾಹಕ್ಕೆ ಮಾನ್ಯತೆ ಕೊಡಬೇಕೇ ಎಂಬಲ್ಲಿಗೆ ಬಂದಾಗ ಪಾಪಾಪರಾಧಗಳ ಭೇದವು ಸಹಾಯಕ್ಕೆ ಬರಲಿಲ್ಲ. ೨೦೧೩ರಲ್ಲಿ ಸಲಿಂಗವಿವಾಹದ ಮಸೂದೆ ಬಂದಾಗ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ ಲಾರ್ಡ್ಸ್ ಸಭೆಯಲ್ಲಿ ಅದನ್ನು ವಿರೋಧಿಸಿದನು. ರಾಮ್ಸೆಯ ನಿಲುವಿಗೂ ಇದಕ್ಕೂ ವಿರೋಧವಿಲ್ಲ. ಒಂದೇ ನಂಬಿಕೆಯ ಎರಡು ಫಲಗಳಿವು. ಅದೇ ವೆಲ್ಬಿ ೨೦೨೩ರಲ್ಲಿ, ಉಗಾಂಡದ ಕಠೋರ ಶಾಸನವನ್ನು ಅಲ್ಲಿನ ಆಂಗ್ಲಿಕನ್ ಆರ್ಚ್‌ಬಿಷಪ್ ಸ್ವಾಗತಿಸಿದಾಗ, ಅದನ್ನು ಬಹಿರಂಗವಾಗಿ ಆಕ್ಷೇಪಿಸಿದನು. ಎರಡನೆಯ ಪ್ರಶ್ನೆಯು ಆಂಗ್ಲಿಕನ್ ಬಳಗದಲ್ಲಿ ಇನ್ನೂ ತೀರ್ಮಾನವಾಗಿಲ್ಲವೆಂಬುದಕ್ಕೆ ಇದು ಸಾಕ್ಷಿ.

ಭಾರತದ ಮಟ್ಟಿಗೆ, ಮೆಕಾಲೆ ತಡೆಹಿಡಿದ ಚರ್ಚೆಯು ನ್ಯಾಯಾಲಯಗಳಲ್ಲಿ ನಡೆಯಬೇಕಾಯಿತು. ೨೦೦೯ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ೩೭೭ನೆಯ ಕಲಮನ್ನು ವಯಸ್ಕರ ಸಮ್ಮತಿಯ ಸಂಬಂಧಗಳ ಮಟ್ಟಿಗೆ ಅಸಿಂಧುವೆಂದು ಸಾರಿತು. ೨೦೧೩ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ತಳ್ಳಿಹಾಕಿತು. ೨೦೧೮ರ ಸೆಪ್ಟೆಂಬರ್ ೬ರಂದು ಸಂವಿಧಾನ ಪೀಠವು ಪುನಃ ದೆಹಲಿಯ ನಿಲುವನ್ನೇ ಎತ್ತಿಹಿಡಿಯಿತು. ಆ ತೀರ್ಪು ೧೫೩೩ರ ಶಾಸನವನ್ನೂ ವುಲ್ಫೆಂಡನ್ ವರದಿಯನ್ನೂ ವಿಚಾರಕ್ಕೆ ತೆಗೆದುಕೊಂಡಿತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಹೊಸ ನ್ಯಾಯಸಂಹಿತೆಯಲ್ಲಿ ಆ ಕಲಮಿಗೆ ಸಮನಾದುದು ಇಲ್ಲ. ಇಂಗ್ಲೆಂಡು ತನ್ನ ಶಾಸನವನ್ನು ಧರ್ಮಶಾಸ್ತ್ರದ ಒಂದು ಭೇದದ ಬಲದಿಂದ ಬಿಟ್ಟುಕೊಟ್ಟಿತು. ಭಾರತವು ಅದನ್ನು ವ್ಯಕ್ತಿಗೌರವ ಮತ್ತು ಸಮಾನತೆಯೆಂಬ ಸಂವಿಧಾನತತ್ತ್ವಗಳ ಬಲದಿಂದ ಕೆಡವಿತು. ಎರಡನೆಯ ದಾರಿಯಲ್ಲಿ ಬಂದ ಬಿಡುಗಡೆಗೆ ತಳಹದಿ ಹೆಚ್ಚು ಅಗಲವಾದುದು. ಏಕೆಂದರೆ ಅದು ಪಾಪದ ಮಾತನ್ನು ಅಲ್ಲಗಳೆಯಲೂ ಇಲ್ಲ, ಅದರ ಕೃಪೆಯನ್ನು ಕೇಳಲೂ ಇಲ್ಲ.

ಹೀಗೆ ನಾಲ್ಕು ಶತಮಾನಗಳ ಈ ಚರಿತ್ರೆಯಿಂದ ವಿದ್ಯಾರ್ಥಿಯು ಮುಖ್ಯವಾಗಿ ಗ್ರಹಿಸಬೇಕಾದುದು ಇಷ್ಟು. ಒಂದು ಧರ್ಮದ ನಂಬಿಕೆ ಇಂತಹುದೆಂದು ತಿಳಿದ ಮಾತ್ರಕ್ಕೆ ಆ ಧರ್ಮೀಯರು ಎಂತಹ ಶಾಸನವನ್ನು ಬಯಸುವರೆಂದು ಹೇಳಲಾಗದು. ನಂಬಿಕೆಗೂ ಶಾಸನಕ್ಕೂ ನಡುವೆ ರಾಜ್ಯದ ಕರ್ತವ್ಯವೇನೆಂಬ ಇನ್ನೊಂದು ನಂಬಿಕೆ ಇರುತ್ತದೆ. ಪ್ರಾಟ್ ಮತ್ತು ಸ್ಮಿತ್ ಗಲ್ಲಿಗೇರಿದುದು ಆ ನಡುವಣ ನಂಬಿಕೆಯಿಂದ. ಅಂತಹವರನ್ನು ಮುಂದೆ ಸೆರೆಮನೆಯಿಂದಲೂ ಬಿಡಿಸಿದುದು, ಅದೇ ಬೈಬಲನ್ನು ಓದುತ್ತಿದ್ದವರು ಆ ನಡುವಣ ನಂಬಿಕೆಯನ್ನು ತಿದ್ದಿಕೊಂಡುದರಿಂದ.